ಕೊಲ್ಲುವ ಮುನ್ನ ಗುರುತಿಸೋಣ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಮೊಗಸಾಲೆಯ ಕುಂಡದಲ್ಲಿ ಹಬ್ಬಿದ್ದ ಅವರೆಯ ಬಳ್ಳಿಯ ಮೇಲೆ ಹಸಿರು ಬಣ್ಣದ ಸಣ್ಣದೊಂದು ಕೀಟ ಕುಳಿತಿದ್ದಿತು. ಏಳನೆಯ ತರಗತಿಯ ಬಾಲಕನೊಬ್ಬನು ಅದನ್ನು ಕಂಡೊಡನೆ ಅಳತೆಪಟ್ಟಿಯಿಂದ ಅಪ್ಪಳಿಸಿ, “ಗುರುಗಳೇ, ಗಿಡವನ್ನು ತಿನ್ನುವ ಹುಳುವನ್ನು ಕೊಂದೆನು” ಎಂದು ಹೆಮ್ಮೆಯಿಂದ ನುಡಿದನು. ಅದು ಗಿಡವನ್ನು ತಿನ್ನುತ್ತಿದ್ದಿತೋ ಅಥವಾ ಗಿಡವನ್ನು ತಿನ್ನುವ ಬೇರೊಂದು ಹುಳುವನ್ನು ತಿನ್ನುತ್ತಿದ್ದಿತೋ ಎಂದು ಪಕ್ಕದಲ್ಲಿದ್ದ ಬಾಲಕಿಯೊಬ್ಬಳು ಪ್ರಶ್ನಿಸಿದಳು. ಬಾಲಕನಿಗೆ ಉತ್ತರ ತಿಳಿಯಲಿಲ್ಲ. ನಿಜವನ್ನು ಹೇಳುವುದಾದರೆ, ನಮಗೂ ತಿಳಿಯಲಿಲ್ಲ. ರೈತರ ಮನೆಯಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಈ ದೂರದ ನಗರವನ್ನು ಸೇರಿದ ನಾವು ಅಂದು ವಿದ್ಯಾರ್ಥಿಗಳ ಎದುರಿಗೆ ತಲೆ ತಗ್ಗಿಸಬೇಕಾಯಿತು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಗಿಡಗಳ ಮೇಲೆ ಬಾಳುವ ಇಂತಹ ಕೀಟಗಳಲ್ಲಿ ಒಂದು ದೊಡ್ಡ ಬಳಗವುಂಟು. ಶಾಸ್ತ್ರಜ್ಞರು ಇದನ್ನು ಮಿರಿಡೆ ಕುಟುಂಬವೆಂದು ಕರೆಯುತ್ತಾರೆ. ನಾವು ಸಸ್ಯತಿಗಣೆಗಳೆಂದು ಕರೆಯಬಹುದು. ಇದುವರೆಗೆ ಹೆಸರಿಸಲ್ಪಟ್ಟ ಇವುಗಳ ಜಾತಿಗಳು 11,000ಕ್ಕೂ ಮಿಕ್ಕಿವೆ. ಇವುಗಳಿಗೆ ಹಲ್ಲುಗಳಿಲ್ಲ, ಸೂಜಿಯಂತಹ ಮೂತಿಯುಂಟು. ಅದನ್ನು ಚುಚ್ಚಿ ಜೊಲ್ಲು ಬಿಟ್ಟು ರಸವನ್ನು ಹೀರುವುದೇ ಇವುಗಳ ಊಟದ ಕ್ರಮ. ಆದರೆ ಚುಚ್ಚುವುದು ಎಳೆಯ ಕುಡಿಯನ್ನೋ, ಮತ್ತೊಂದು ಕೀಟದ ಮೊಟ್ಟೆಯನ್ನೋ ಎಂಬುದು ಜಾತಿಯಿಂದ ಜಾತಿಗೆ ಭಿನ್ನವಾಗಿರುತ್ತದೆ. ಒಂದೇ ಮನೆತನದಲ್ಲಿ ಕಳ್ಳನೂ ಕಾವಲುಗಾರನೂ ಹುಟ್ಟಿದಂತೆ ಇದು.

ಮೊದಲು ಕಳ್ಳನ ವಿಚಾರ. ಕೋಲ್ಕತ್ತೆಯ ಬೀದಿಬದಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯದ ಮನೆಯವರು ನಮ್ಮಲ್ಲಿ ಯಾರಿದ್ದಾರೆ? 1861ರಲ್ಲಿ ಭಾರತದ ಮೊದಲನೆಯ ಚಹಾ ಹರಾಜು ನಡೆದುದು ಈ ನಗರದಲ್ಲಿಯೇ. ಆ ಚಹಾದ ಚಿಗುರಿಗೆ ಕಂಟಕವಾಗಿರುವ ಕೀಟವೊಂದಕ್ಕೆ ಚಹಾ ಸೊಳ್ಳೆ ಎಂಬ ಹೆಸರುಂಟು. ಅದು ಸೊಳ್ಳೆಯಲ್ಲ, ಸಸ್ಯತಿಗಣೆ. ಉದ್ದವಾದ ಕಾಲು, ಮೀಸೆಗಳಿಂದ ಸೊಳ್ಳೆಯಂತೆ ತೋರುತ್ತದೆ. ಬೆನ್ನಿನ ಮೇಲೆ ಗುಂಡುಸೂಜಿಯನ್ನು ನಿಲ್ಲಿಸಿದಂತಹ ಮುಳ್ಳೊಂದಿರುವುದೇ ಅದರ ಗುರುತು. ಅಸ್ಸಾಮಿನ ತೋಟಗಾರರಾದ ಎಸ್. ಇ. ಪೀಲ್ ಎಂಬವರು 1873ರಷ್ಟು ಹಿಂದೆಯೇ ಇದನ್ನು ಕುರಿತು ಬರೆದುದು ಇದೇ ನಗರದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ಪತ್ರಿಕೆಯಲ್ಲಿ. ಇದರ ದಾಯಾದಿಯಾದ ಇನ್ನೊಂದು ಜಾತಿಯು ನಮ್ಮ ಕರಾವಳಿಯ ಗೇರುಮರಗಳ ಶತ್ರು. ಮಳೆಗಾಲ ಕಳೆದು ಗೇರು ಚಿಗುರಿ ಹೂವು ಬಿಡುವ ತಿಂಗಳುಗಳಲ್ಲಿ ಅದು ಕುಡಿಯನ್ನೂ ಹೂಗೊಂಚಲನ್ನೂ ಎಳೆಯ ಬೀಜವನ್ನೂ ಚುಚ್ಚುತ್ತದೆ. ಚುಚ್ಚಿದ ಜಾಗ ಕಪ್ಪಾಗಿ ಒಣಗುತ್ತದೆ. ಹಾವಳಿ ವಿಪರೀತವಾದ ವರ್ಷ ಮರವು ಬೆಂಕಿ ತಾಗಿದಂತೆ ಕಾಣುತ್ತದೆ. ಹೀಗಿರಲು ಬೆಳೆಗಾರನು ಕೋಪಗೊಳ್ಳುವುದು ಸಹಜವೇ ಸರಿ. ಅವನ ನಷ್ಟವನ್ನು ನಾವು ಹಗುರಾಗಿ ಕಾಣಲಾಗದು.

ಆದರೆ ಆ ಕೋಪವು ವಿವೇಕವನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನುಡಿಯ ಜನರೇ ಸಾಕ್ಷಿಗಳಾಗಿದ್ದಾರೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯಲ್ಲಿ ಪಡ್ರೆ ಎಂಬ ಊರಿದೆ. ಕನ್ನಡ, ತುಳು ಆಡುವ ಜನರ ಊರು. ಗುಡ್ಡಗಳ ನಡುವೆ ತೋಡುಗಳೂ ಸುರಂಗದ ನೀರೂ ಇರುವ ಚೆಲುವಾದ ನಾಡು. ಅದರ ಸುತ್ತಲಿನ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿದ್ದವು. ಈ ತಿಗಣೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಅಲ್ಲಿ ಸುರಿಯಲಾಯಿತು. ಮರದ ಮೇಲೆ ಸಿಂಪಡಿಸಿದ ವಿಷವು ಮರದ ಮೇಲೆಯೇ ನಿಲ್ಲುವುದೆ? ಅದು ಗಾಳಿಯೊಡನೆ ಕಣಿವೆಗೆ ಇಳಿಯಿತು, ತೋಡಿಗೆ ಹರಿಯಿತು, ಕುಡಿಯುವ ನೀರನ್ನೂ ಸೇರಿತು. ಜೇನುಹುಳುಗಳು ಸತ್ತವು. ಕರುಗಳು ಅಂಗವಿಕಲವಾಗಿ ಹುಟ್ಟಿದುದನ್ನು ಕಂಡು ಕೃಷಿ ಪತ್ರಕರ್ತರಾದ ಶ್ರೀಪಡ್ರೆಯವರು ಬರೆದರು. ಅಲ್ಲಿನ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರು, ಸಣ್ಣದೊಂದು ಊರಿನಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಅರ್ಬುದರೋಗಗಳು ಇಷ್ಟೊಂದು ಏಕೆ ಎಂದು ಕೇಳತೊಡಗಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ ಶಾಲಾ ಬಾಲಕರನ್ನು ಪರೀಕ್ಷಿಸಿ, ಅವರ ರಕ್ತದಲ್ಲಿ ಎಂಡೋಸಲ್ಫಾನ್ ಇರುವುದನ್ನೂ, ಪ್ರಾಯಕ್ಕೆ ತಕ್ಕ ಬೆಳವಣಿಗೆ ತಡವಾಗಿರುವುದನ್ನೂ ಕಂಡು 2003ರಲ್ಲಿ ಪ್ರಕಟಿಸಿದರು. ಗಮನಿಸಿರಿ, ಅವರು ನಿಮ್ಮಂತೆಯೇ ಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದ ಬಾಲಕರು. ದಕ್ಷಿಣ ಕನ್ನಡದ ಕೊಕ್ಕಡ ಮೊದಲಾದ ಊರುಗಳ ಗೇರುತೋಟಗಳ ಸುತ್ತಲೂ ಇದೇ ಸಂಕಟದ ಕಥೆಯುಂಟು. ಕೊನೆಗೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. 2017ರಲ್ಲಿ ಅದೇ ನ್ಯಾಯಾಲಯವು ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡುವಂತೆ ಆಜ್ಞೆ ಮಾಡಿತು. ಆದರೆ ಕಳೆದುಹೋದ ಬಾಲ್ಯಕ್ಕೆ ಪರಿಹಾರವೆಲ್ಲಿ?

ಇನ್ನು ಕಾವಲುಗಾರನ ವಿಚಾರ. ಗೇರುಮರದಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ಮಲೆನಾಡಿನವರು ಚಗಳಿಯೆಂದು ಕರೆಯುತ್ತಾರೆ. ಅದರ ಚಟ್ನಿಯ ರುಚಿಯನ್ನು ನಿಮ್ಮ ಅಜ್ಜಿಯರು ಬಲ್ಲರು. ಆ ಇರುವೆಯು ಗೇರಿನ ತಿಗಣೆಯನ್ನು ಬೇಟೆಯಾಡುತ್ತದೆ, ಓಡಿಸುತ್ತದೆ. ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಟ್ಟು ಅದನ್ನು ಹಾಳುಮಾಡುವ ಅತಿಸೂಕ್ಷ್ಮವಾದ ಕಣಜಗಳೂ ಉಂಟು. ಆಕಾಶದಿಂದ ಸುರಿದ ವಿಷವು ಕಳ್ಳನೊಡನೆ ಈ ಕಾವಲುಗಾರರನ್ನೂ ಕೊಲ್ಲುತ್ತದೆಯಲ್ಲವೆ?

ಸಸ್ಯತಿಗಣೆಗಳ ಮನೆತನದಲ್ಲಿಯೇ ಒಬ್ಬ ಕಾವಲುಗಾರನಿದ್ದಾನೆ ಎಂದೆವಷ್ಟೆ. ಬತ್ತದ ಗದ್ದೆಗಳಲ್ಲಿ ಕಂದು ಜಿಗಿಹುಳುವೆಂಬ ಪೀಡೆಯುಂಟು. ಅದು ಪೈರಿನ ಬುಡದಲ್ಲಿ ಗುಂಪುಗೂಡಿ ರಸ ಹೀರಿದರೆ ಗದ್ದೆಯು ವೃತ್ತಾಕಾರವಾಗಿ ಸುಟ್ಟಂತೆ ಒಣಗುತ್ತದೆ. 1973-74ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಅದರ ಹಾವಳಿ ಭೀಕರವಾಗಿದ್ದಿತು; ತುಂಗಭದ್ರೆಯ ನೀರುಂಡ ಗಂಗಾವತಿಯ ರೈತರಿಗೂ ಅದರ ಪರಿಚಯ ಚೆನ್ನಾಗಿದೆ. ಇದರ ಮೊಟ್ಟೆಗಳನ್ನು ಹುಡುಕಿ ಹೀರುವುದೇ ಹಸಿರು ಮೈ, ಕಪ್ಪು ತಲೆಯ ಸಸ್ಯತಿಗಣೆಯೊಂದರ ಕಸುಬು. ಅದರ ಉದ್ದ ಸುಮಾರು 3 ಮಿಲಿಮೀಟರು ಮಾತ್ರ. ಜಿಗಿಹುಳು ತನ್ನ ಮೊಟ್ಟೆಗಳನ್ನು ಪೈರಿನ ಅಂಗಾಂಶದೊಳಗೆ ಬಚ್ಚಿಡುತ್ತದೆ. ಈ ತಿಗಣೆಯು ಮೂತಿಯಿಂದ ತಡವಿ ತಡವಿ, ಅಡಗಿದ ಮೊಟ್ಟೆಯನ್ನು ಕಂಡುಹಿಡಿದು, ದಿನಕ್ಕೆ 7ರಿಂದ 10 ಮೊಟ್ಟೆಗಳನ್ನು ಹೀರಿಬಿಡುತ್ತದೆ. ರೈತನು ಅವಸರದಿಂದ ಸಿಂಪಡಿಸುವ ವಿಷಕ್ಕೆ ಮೊದಲು ಬಲಿಯಾಗುವುದು ಇಂತಹ ಮಿತ್ರನೇ. ಮೊಟ್ಟೆಯೊಳಗಿನ ಶತ್ರುವು ಬದುಕುಳಿದು, ತನ್ನನ್ನು ತಿನ್ನುವವರಿಲ್ಲದ ಗದ್ದೆಯಲ್ಲಿ ಮೊದಲಿಗಿಂತ ಹೆಚ್ಚಾಗಿ ವೃದ್ಧಿಹೊಂದುತ್ತದೆ. ಇಂಡೊನೇಶಿಯವು ಈ ಪಾಠವನ್ನು ಕಷ್ಟಪಟ್ಟು ಕಲಿತು, 1986ರಲ್ಲಿ 57 ಬಗೆಯ ಕೀಟನಾಶಕಗಳನ್ನು ಬತ್ತದ ಮೇಲೆ ಬಳಸದಂತೆ ನಿಷೇಧಿಸಿತು. ಅದರಿಂದ ದೇಶದ ಬತ್ತದ ಬೆಳೆ ಕುಸಿಯಲಿಲ್ಲ.

ಹಾಗಾದರೆ ವಿಷವನ್ನು ಕೈಬಿಟ್ಟರೆ ಸಾಕು, ಎಲ್ಲವೂ ತಾನಾಗಿ ಸರಿಹೋಗುವುದೆಂದು ಕೆಲವರು ಹೇಳಬಹುದು. ಅದೂ ಅರ್ಧಸತ್ಯವೆಂದು ನಮ್ಮ ಅಭಿಮತ. 2002ರಲ್ಲಿ ನಮ್ಮ ದೇಶಕ್ಕೆ ಬಿಟಿ ಹತ್ತಿಯು ಬಂದಿತು. ಕಾಯಿಕೊರಕ ಹುಳುವನ್ನು ಅದು ತಾನೇ ಕೊಲ್ಲುವುದರಿಂದ ಸಿಂಪಡಣೆ ಕಡಮೆಯಾಯಿತು. ಆದರೆ ಅದರ ವಿಷವು ರಸ ಹೀರುವ ತಿಗಣೆಗಳನ್ನು ತಾಗುವುದಿಲ್ಲ. ಕೆಲವೇ ವರ್ಷಗಳಲ್ಲಿ ಹಾವೇರಿಯ ಹೊಲಗಳಲ್ಲಿ, ಅದುವರೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಸಸ್ಯತಿಗಣೆಯೊಂದು ಹತ್ತಿಯ ಮೊಗ್ಗು, ಎಳೆಗಾಯಿಗಳನ್ನು ಉದುರಿಸತೊಡಗಿತು. ಆದುದರಿಂದ, ಕೊಲ್ಲಬೇಕು ಎಂಬ ಹಟವೂ ಕೊಲ್ಲಬಾರದು ಎಂಬ ಹಟವೂ ರೈತನನ್ನು ಕಾಪಾಡಲಾರವು. ಅವನನ್ನು ಕಾಪಾಡುವುದು ನೋಟ. ಹೊಲಕ್ಕಿಳಿದು ಎಲೆಯನ್ನು ಮಗುಚಿ, ಶತ್ರುಗಳೆಷ್ಟು ಮಿತ್ರರೆಷ್ಟು ಎಂದು ಎಣಿಸಿ, ನಷ್ಟವು ಮಿತಿಮೀರುವಂತೆ ಕಂಡಾಗ ಮಾತ್ರ, ಬೇಕಾದಷ್ಟೇ ಔಷಧವನ್ನು ಬೇಕಾದ ಕಡೆಗೆ ಮಾತ್ರ ಬಳಸುವುದೇ ಸರಿಯಾದ ದಾರಿ.

ನಗರದಲ್ಲಿ ಬೆಳೆಯುವ ನಮಗೇಕೆ ಈ ಗೋಜು ಎಂದು ನೀವು ಕೇಳಬಹುದು. ನೀವು ತಿನ್ನುವ ಮಂಡಕ್ಕಿಯೂ ಕುಡಿಯುವ ಚಹಾವೂ ಹೊಲ ತೋಟಗಳಿಂದಲೇ ಬರುತ್ತವೆ. ತರಕಾರಿಯ ಮೇಲೆ ಒಂದು ಚುಕ್ಕೆಯೂ ಇರಬಾರದೆಂದು ಪೇಟೆಯವರು ಹಟ ಹಿಡಿದರೆ, ರೈತನ ಕೈ ವಿಷದ ಡಬ್ಬಿಗೆ ಹೋಗುತ್ತದೆ. ಮನೆಯಲ್ಲಿಯೂ ಅಷ್ಟೆ: ಬಾಲ್ಕನಿಯ ತುಳಸಿಯ ಮೇಲೆ ಹುಳು ಕಂಡೊಡನೆ ಡಬ್ಬಿಯನ್ನು ತರುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಆ ಡಬ್ಬಿಗಳ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ತ್ರಿಕೋನಗಳಿರುತ್ತವೆ. ಕೆಂಪು ಎಂದರೆ ಅತ್ಯಂತ ಘೋರವಾದ ವಿಷ. ಹಸಿರು ಎಂದರೆ ಅಮೃತವಲ್ಲ, ಕಡಮೆ ವಿಷವೆಂದಷ್ಟೇ ಅರ್ಥ. ಇದನ್ನು ನಿಮ್ಮ ತಾಯಿತಂದೆಯರಿಗೆ ತಿಳಿಸಿ ಹೇಳಿರಿ.

ಕೀಟಗಳನ್ನು ಕುರಿತ ಜ್ಞಾನಕ್ಕೆ ಈ ನಗರದಲ್ಲಿ ಕೊರತೆಯಿಲ್ಲ. 1916ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ಮುಖ್ಯ ಕಾರ್ಯಾಲಯವು ಇಲ್ಲಿಯೇ ಇದೆ. ಚೌರಂಗಿಯ ವಸ್ತುಸಂಗ್ರಹಾಲಯದ ಪ್ರಾಣಿವಿಭಾಗಕ್ಕೆ ಹೋಗಿ ಬರುವುದು ಒಂದು ಭಾನುವಾರದ ಕೆಲಸ. ಆದರೆ ಗಾಜಿನೊಳಗಿನ ಕೀಟವು ತಾನು ಏನನ್ನು ತಿನ್ನುತ್ತಿದ್ದೆನೆಂದು ಹೇಳದು. ಕಳ್ಳನ ಮೂತಿಯೂ ಕಾವಲುಗಾರನ ಮೂತಿಯೂ ನೋಡುವುದಕ್ಕೆ ಒಂದೇ ತೆರ. ನಡತೆಯಿಂದಲೇ ಭೇದವನ್ನು ಅರಿಯಬೇಕು. ಆದುದರಿಂದ ನಮ್ಮ ಶಾಲೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೀಟಗಳಿಗಾಗಿ ಒಂದು ಟಿಪ್ಪಣಿ ಪುಸ್ತಕವನ್ನು ಇಡಬೇಕೆಂದು ನಮ್ಮ ಸೂಚನೆ. ಎಲ್ಲಿ ಕಂಡಿತು, ಯಾವ ಗಿಡದ ಮೇಲೆ, ಏನು ಮಾಡುತ್ತಿದ್ದಿತು ಎಂದು ಮೂರು ಸಾಲು ಬರೆದರೆ ಸಾಕು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ, ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ನಾಲ್ಕನೆಯ ಸಾಲಾಗಿ ಬರೆಯಿರಿ. ಹೆಸರು ಮರೆತ ವಸ್ತುವನ್ನು ಮನುಷ್ಯನು ಸುಲಭವಾಗಿ ಕೊಲ್ಲುತ್ತಾನೆ.

ಅಂದು ಅಳತೆಪಟ್ಟಿಯನ್ನೆತ್ತಿದ ಬಾಲಕನನ್ನು ನಾವು ದೂಷಿಸುವುದಿಲ್ಲ. ಅವನಿಗೆ ಕಲಿಸಬೇಕಾದವರು ನಾವು, ನಾವೇ ಕಲಿತಿರಲಿಲ್ಲ. ಪಡ್ರೆಯ ಗುಡ್ಡಗಳ ಮೇಲೆ ವಿಷವನ್ನು ಸುರಿದವರೂ ಒಂದು ಕೀಟವನ್ನು ಮಾತ್ರ ಕಂಡರು. ಅದರ ಸುತ್ತಲಿನ ಜೇನು, ಇರುವೆ, ತೋಡು, ಮಕ್ಕಳನ್ನು ಕಾಣಲಿಲ್ಲ. ಈ ವರ್ಷವೂ ಮೊಗಸಾಲೆಯ ಕುಂಡದಲ್ಲಿ ಅವರೆಯ ಬೀಜವನ್ನು ಬಿತ್ತಿದ್ದೇವೆ. ಬಳ್ಳಿ ಹಬ್ಬಿದಾಗ ಹಸಿರು ಕೀಟವೂ ಮರಳಿ ಬಂದೀತು. ಆಗ ಅಳತೆಪಟ್ಟಿಯು ಕೀಟದ ಉದ್ದವನ್ನು ಅಳೆಯುವುದಕ್ಕಾಗಿ ಮಾತ್ರ ಚೀಲದಿಂದ ಹೊರಬರಲಿ ಎಂದು ಹಾರೈಸುತ್ತೇವೆ.