ಕದಲದ ಆಸನ

ಹೋದ ಮಳೆಗಾಲದ ಒಂದು ಬೆಳಗ್ಗೆ ನಮ್ಮ ಕಾರಿನ ಚಾಲಕನ ಆಸನ ಮುಷ್ಕರ ಹೂಡಿತು. ಹಿಂದಿನ ದಿನ ಕಾರು ನಡೆಸಿದವನು ನಾನು. ನನ್ನ ಕಾಲಿನ ಅಳತೆಗೆ ಹಿಂದಕ್ಕೆ ಸರಿದಿದ್ದ ಆಸನ ಅಲ್ಲಿಯೇ ನಿಂತುಬಿಟ್ಟಿತ್ತು. ಗುಂಡಿಯನ್ನು ಯಾವ ಕಡೆಗೆ ಒತ್ತಿದರೂ ಸದ್ದಿಲ್ಲ, ಸುಳಿವಿಲ್ಲ.

ಆ ಕಾರಿನಲ್ಲಿ ದಿನವೂ ಕೆಲಸಕ್ಕೆ ಹೋಗುವವಳು ನನ್ನಾಕೆ. ಎತ್ತರದಲ್ಲಿ ನನಗಿಂತ ಅರ್ಧ ಅಡಿ ಕಡಮೆ. ಬೆನ್ನಿಗೆ ದಿಂಬು ಕೊಟ್ಟುಕೊಂಡು ಎರಡು ದಿನ ಹೇಗೋ ನಡೆಸಿದಳು. ಮೂರನೆಯ ಸಂಜೆ ಬಂದವಳೇ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, “ರೀ, ಬ್ರೇಕಿಗೆ ನನ್ನ ಕಾಲಿನ ತುದಿ ಮಾತ್ರ ಎಟುಕುತ್ತದೆ. ಇವತ್ತು ಒಂದು ಮಗು ಅಡ್ಡ ಬಂತು. ದೇವರು ದೊಡ್ಡವನು. ಇದು ಸರಿಹೋಗುವವರೆಗೆ ನಾನು ಕಾರು ಮುಟ್ಟುವುದಿಲ್ಲ” ಎಂದಳು.

ಗ್ಯಾರೇಜಿನವರು ಗುಂಡಿಯನ್ನೊಮ್ಮೆ ಒತ್ತಿ ನೋಡಿ, “ಮೋಟಾರು ಹೋಗಿದೆ, ಪೂರ್ತಿ ಸೆಟ್ಟು ಬದಲಾಯಿಸಬೇಕು” ಎಂದರು. ಅವರು ಹೇಳಿದ ಮೊತ್ತವನ್ನು ಕೇಳಿ ಮೌನವಾಗಿ ಮನೆಗೆ ಮರಳಿದೆ. ಆದರೆ ಒಂದು ಸಂಶಯ ಮಾತ್ರ ಬಿಡಲಿಲ್ಲ. ಎಂಟು ಬಗೆಯಲ್ಲಿ ಚಲಿಸುವ ಇಂಥ ಆಸನದಲ್ಲಿ ಸಾಮಾನ್ಯವಾಗಿ 4 ಮೋಟಾರುಗಳಿರುತ್ತವೆ: ಹಿಂದೆ ಮುಂದೆ ಸರಿಯಲು ಒಂದು, ಆಸನದ ಮುಂಭಾಗವನ್ನು ಎತ್ತಲು ಒಂದು, ಹಿಂಭಾಗಕ್ಕೆ ಒಂದು, ಒರಗನ್ನು ಬಾಗಿಸಲು ಒಂದು. ನಾಲ್ಕೂ ಒಂದೇ ರಾತ್ರಿ ಕಣ್ಣು ಮುಚ್ಚುವುದುಂಟೆ?

ಇಲ್ಲಿಯೇ ರೋಗಪರೀಕ್ಷೆಯ ಮೊದಲ ಸೂತ್ರವಿದೆ. ಏನು ಕೆಟ್ಟಿದೆ ಎಂದು ಕೇಳುವ ಮೊದಲು ಏನು ಕೆಟ್ಟಿಲ್ಲ ಎಂದು ಕೇಳಬೇಕು. ಎಲ್ಲ ಚಲನೆಗಳೂ ಒಮ್ಮೆಗೇ ನಿಂತಿದ್ದರೆ ದೋಷವು ಎಲ್ಲಕ್ಕೂ ಸಮಾನವಾದ ದಾರಿಯಲ್ಲಿರುತ್ತದೆ: ಫ್ಯೂಸು, ವಿದ್ಯುತ್ತು ಬರುವ ತಂತಿ, ಇಲ್ಲವೇ ಅದು ಮರಳಿ ಹೋಗುವ ತಂತಿ. ಒಂದೇ ಚಲನೆ ನಿಂತಿದ್ದರೆ ಆ ಮೋಟಾರನ್ನೋ ಅದರ ಗುಂಡಿಯನ್ನೋ ಶಂಕಿಸಬಹುದು. ಮುಂದಕ್ಕೆ ಸರಿದು ಹಿಂದಕ್ಕೆ ಸರಿಯದಿದ್ದರೆ ಮೋಟಾರು ಬಹುತೇಕ ನಿರಪರಾಧಿ; ಎರಡು ದಿಕ್ಕಿಗೂ ಅದೇ ಮೋಟಾರು, ಅದೇ ಎರಡು ತಂತಿ. ವಿದ್ಯುತ್ತಿನ ದಿಕ್ಕನ್ನು ತಿರುಗಿಸುವುದು ಗುಂಡಿಯ ಕೆಲಸ. ಮೋಟಾರಿನ ಸದ್ದು ಕೇಳಿಯೂ ಆಸನ ಕದಲದಿದ್ದರೆ ಹಲ್ಲುಚಕ್ರ ಸವೆದಿರಬಹುದು. ತುಸು ಸರಿದು ನಿಂತರೆ ಹಳಿಯಲ್ಲಿ ನಾಣ್ಯವೋ ಪೆನ್ನೋ ಸಿಕ್ಕಿದೆಯೇ ಎಂದು ದೀಪ ಹಿಡಿದು ನೋಡಬೇಕು.

ನಮ್ಮದು ಎಲ್ಲವೂ ಸ್ತಬ್ಧವಾದ ಪ್ರಕರಣ. ಫ್ಯೂಸು ಸರಿಯಾಗಿತ್ತು. ಹಿಂದಿನ ಸಾಲಿನಲ್ಲಿ ಬಗ್ಗಿ, ಆಸನದ ಕೆಳಗಿನ ತಂತಿಗಳ ಜೋಡಣೆಗೆ ಮೀಟರು ಹಿಡಿದೆ. ಬರುವ ತಂತಿಗೂ ಕಾರಿನ ಲೋಹದ ಮೈಗೂ ನಡುವೆ 12.4 ವೋಲ್ಟು, ವಿದ್ಯುತ್ತು ಬಂದಿದೆ. ಬರುವ ತಂತಿಗೂ ಮರಳುವ ತಂತಿಗೂ ನಡುವೆ ಹಿಡಿದೆ, ಅಲ್ಲಿಯೂ 12.4! ಹಾಗಾದರೆ ಮೋಟಾರೇ ಹೋಗಿರಬೇಕೆಂದು ನಿಟ್ಟುಸಿರು ಬಿಟ್ಟೆ.

ದೀಪ ಹಿಡಿದಿದ್ದ ನನ್ನಾಕೆ ಕೇಳಿದಳು: “ಗುಂಡಿ ಒತ್ತದೆ ಅಳೆದರೆ ಏನು ತಿಳಿಯುತ್ತದೆ? ಹೊರೆ ಹೊರಿಸಿದ ಮೇಲಲ್ಲವೇ ಸುಸ್ತು ಕಾಣುವುದು?”

ಆಕೆ ಗುಂಡಿ ಒತ್ತಿದಳು. ಮೀಟರು 1 ವೋಲ್ಟಿಗೂ ಕೆಳಗೆ ಇಳಿಯಿತು. ಮರಳುವ ತಂತಿಗೂ ಕಾರಿನ ಮೈಗೂ ನಡುವೆ ಹಿಡಿದರೆ 11 ವೋಲ್ಟಿಗೂ ಮೇಲೆ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಇರಬಾರದು. ಕಳ್ಳ ಸಿಕ್ಕಿಬಿದ್ದ! ಮೀಟರು ಬೇಡುವುದು ಹನಿ ವಿದ್ಯುತ್ತು. ತುಕ್ಕಿನ ಸಂದಿಯಲ್ಲಿಯೂ ಅದು ನುಸುಳುತ್ತದೆ. ಮೋಟಾರು ಬೇಡುವುದು ಅನೇಕ ಆಂಪಿಯರು. ಅದಕ್ಕೆ ಆ ದಾರಿ ಸಾಲದು. 12 ವೋಲ್ಟಿನಲ್ಲಿ 10 ಆಂಪಿಯರು ಎಳೆಯುವ ಮೋಟಾರಿನ ಹಾದಿಯಲ್ಲಿ ಕೇವಲ 1 ಓಮಿನ ತಡೆ ಸೇರಿದರೂ ಅದರ ಪಾಲಿಗೆ ಹೆಚ್ಚುಕಡಮೆ ಅರ್ಧದಷ್ಟೇ ವೋಲ್ಟು ಉಳಿಯುತ್ತದೆ.

ಮೆಕ್ಯಾನಿಕ್ಕುಗಳು ‘ಅರ್ತ್’ ಎನ್ನುವ ಆ ಮರಳುವ ತಂತಿಯನ್ನು ಹಿಂಬಾಲಿಸಿ ನೆಲದ ಹಾಸನ್ನು ಎತ್ತಿದರೆ ಕೆಳಗೆಲ್ಲ ಒದ್ದೆ. ತಂತಿ ಬಿಗಿದಿದ್ದ ಬೋಲ್ಟು ತುಕ್ಕು ತಿಂದಿತ್ತು. ಬಾಗಿಲಿನ ಹರಿದ ರಬ್ಬರಿನಿಂದ ಮಳೆನೀರು ಒಳಗಿಳಿದಿತ್ತು. ಬ್ಯಾಟರಿಯ ತಂತಿ ಕಳಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಹೊಸ ಬೋಲ್ಟು ಬಿಗಿದೆ. ರಬ್ಬರನ್ನೂ ಬದಲಾಯಿಸಿದೆ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತದೇ ಕಥೆ.

ಇದನ್ನೋದಿ ಮೀಟರು ಕೈಗೆತ್ತಿಕೊಳ್ಳುವವರಿಗೆ ಕೆಲವು ಎಚ್ಚರಿಕೆಗಳು. ಆಸನದ ಕೆಳಗಿನ ಹಳದಿ ಬಣ್ಣದ ಜೋಡಣೆಗಳು ಸಾಮಾನ್ಯವಾಗಿ ಗಾಳಿಚೀಲಕ್ಕೂ ಸೀಟ್‌ಬೆಲ್ಟಿಗೂ ಸೇರಿದವು. ಅವನ್ನು ಎಳೆಯಬಾರದು, ಮೀಟರು ತಾಗಿಸಲೂಬಾರದು. ಚೀಲ ಒಮ್ಮೆಲೇ ಸಿಡಿದು ಗಾಯವಾದೀತು. 30 ಆಂಪಿಯರಿನ ಫ್ಯೂಸು ಸುಟ್ಟರೆ 40ರದನ್ನು ಹಾಕಬಾರದು. ಆಗ ಸುಡುವ ಸರದಿ ತಂತಿಯದು. ಹಳಿಯ ಬಳಿ ಕೈಯಿರುವಾಗ ಗುಂಡಿ ಒತ್ತಿಸಬಾರದು. ಕುಳಿತವರ ಅಳತೆಯನ್ನು ನೆನಪಿಡುವ ಆಸನವಾದರೆ ನಡುವೆ ಒಂದು ಪುಟ್ಟ ಗಣಕಯಂತ್ರವೂ ಇರುವುದರಿಂದ ತಕ್ಕ ಉಪಕರಣವಿದ್ದವರ ಬಳಿಗೇ ಹೋಗುವುದು ಲೇಸು.

ಗ್ಯಾರೇಜಿಗೆ ಹೋಗಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಹೋದಾಗ, “ಗುಂಡಿ ಒತ್ತಿದಾಗ ಎಷ್ಟು ವೋಲ್ಟು ಉಳಿಯುತ್ತದೆ?” ಎಂದು ಒಂದು ಮಾತು ಕೇಳಿ. ಅದುವರೆಗೆ, ಬ್ರೇಕಿಗೆ ಕಾಲು ಪೂರ್ತಿ ಎಟುಕದವರು ಆ ಕಾರನ್ನು ನಡೆಸದಿರಲಿ.

ಆ ಸಂಜೆ ಆಸನ ಗುಂಯ್ ಎಂದು ಮುಂದಕ್ಕೆ ಸರಿಯಿತು. ನನ್ನಾಕೆ ಬ್ರೇಕಿನ ಮೇಲೆ ಅಂಗಾಲನ್ನು ಪೂರ್ತಿಯಾಗಿ ಊರಿ ಎರಡು ಬಾರಿ ಒತ್ತಿ ನೋಡಿದಳು. ಬಳಿಕ ಮೇಜಿನ ಮೇಲಿದ್ದ ಬೀಗದ ಕೈಯನ್ನು ತಾನೇ ಒಯ್ದು ತನ್ನ ಚೀಲದಲ್ಲಿ ಹಾಕಿಕೊಂಡಳು.