ಹದಿನೈದು ನಿಮಿಷ ಮುಂದೆ

ನಮ್ಮ ಮನೆಯಲ್ಲಿ ಹುಟ್ಟುಹಬ್ಬಕ್ಕೆ ಎರಡು ದಿನಗಳು. ನನ್ನ ತಾಯಿಯವರು ಪಂಚಾಂಗದಲ್ಲಿ ಸೌರಮಾಸವನ್ನೂ ಜನ್ಮನಕ್ಷತ್ರವನ್ನೂ ನೋಡಿ ಪಾಯಸ ಮಾಡಿಸುವ ದಿನ ಒಂದು. ಶಾಲೆಯ ದಾಖಲೆಯಲ್ಲಿರುವ ತಾರೀಕು ಇನ್ನೊಂದು. ಮಗಳು ಚಿಕ್ಕವಳಿದ್ದಾಗ ಎರಡನ್ನೂ ಒಪ್ಪಿಕೊಂಡಿದ್ದಳು; ಪಾಯಸವೂ ಎರಡು ಸಲ ಸಿಗುತ್ತಿತ್ತಲ್ಲ! ಹದಿಮೂರು ತುಂಬಿದ ಮೇಲೆ ಮಾತ್ರ, ತಾರೀಕು ತನ್ನದು, ನಕ್ಷತ್ರ ಅಜ್ಜಿಯದು ಎಂದು ಇತ್ಯರ್ಥ ಮಾಡಿಬಿಟ್ಟಳು. 2024ರ ಮೇ ತಿಂಗಳಲ್ಲಿ ನಕ್ಷತ್ರದ ದಿನ ನಾವು ಊರು ಬಿಡುವ ಮೊದಲೇ ಬಂದುಹೋಯಿತು. ತಾರೀಕು ನೇಪಾಳದಲ್ಲಿ ಬೀಳುವಂತಿತ್ತು.

ಬೇಸಿಗೆ ರಜೆಯಲ್ಲಿ ಒಮ್ಮೆ ಪಶುಪತಿನಾಥನ ದರ್ಶನ ಮಾಡಬೇಕೆಂಬುದು ನನ್ನ ಪತ್ನಿಯ ಬಹುದಿನದ ಆಸೆ. ಕಾಸರಗೋಡಿನಿಂದ ದೆಹಲಿಗೆ ರೈಲು, ಅಲ್ಲಿಂದ ಕಾಠ್ಮಂಡುವಿಗೆ ವಿಮಾನ ಎಂದು ನಿಶ್ಚಯಿಸಿದೆವು. ಪರದೇಶವೆಂದರೂ ನಮ್ಮವರಿಗೆ ಅಲ್ಲಿ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದವರಿಗೆ ಚುನಾವಣಾ ಗುರುತಿನ ಚೀಟಿ ಸಾಕು. ಮಕ್ಕಳ ವಿಷಯದಲ್ಲಿ ಒಂದು ಸ್ವಾರಸ್ಯದ ನಿಯಮವಿದೆ. ಹದಿನೈದು ತುಂಬದವರಿಗೆ ವಯಸ್ಸು ಮತ್ತು ಗುರುತನ್ನು ತೋರಿಸುವ ಯಾವುದಾದರೊಂದು ದಾಖಲೆ ಸಾಕು. ಹದಿನೈದರಿಂದ ಹದಿನೆಂಟರವರೆಗಿನವರು ತಮ್ಮ ಶಾಲೆಯ ಮುಖ್ಯಸ್ಥರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪತ್ರ ತರಬಹುದು. ಒಂದೇ ಕುಟುಂಬವಾಗಿ ಹೋಗುವವರಿಗೆ ಸಡಿಲಿಕೆಯೂ ಉಂಟು. ಆದರೆ ನನ್ನ ಮಗಳು ಹದಿನಾಲ್ಕರವಳಾಗಿ ಹೋಗಿ ಹದಿನೈದರವಳಾಗಿ ಮರಳುವವಳು! ಪಡಿತರ ಚೀಟಿಯಲ್ಲಿ ಮಲಯಾಳದಲ್ಲಿ ಬರೆದ ಹೆಸರು ಒಂದು ಬಗೆ, ಶಾಲೆಯ ಪುಸ್ತಕದಲ್ಲಿ ಕನ್ನಡದಲ್ಲಿರುವುದು ಇನ್ನೊಂದು ಬಗೆ; ಈ ಪಾಡನ್ನು ಗಡಿನಾಡಿನ ವಾಚಕರಿಗೆ ವಿವರಿಸಬೇಕಾಗಿಲ್ಲ. ಇರಲೆಂದು ಅವಳ ಹೈಸ್ಕೂಲಿಗೆ ಹೋಗಿ ಪತ್ರ ಕೇಳಿದೆ. ನೂರಾರು ಮಕ್ಕಳಿಗೆ ಇಂಥ ಪತ್ರಗಳನ್ನು ಬರೆದುಕೊಟ್ಟ ನಾನು ಇನ್ನೊಬ್ಬ ಮುಖ್ಯೋಪಾಧ್ಯಾಯರ ಮೇಜಿನ ಮುಂದೆ ಕೈಕಟ್ಟಿ ನಿಂತುದು ಅದೇ ಮೊದಲು.

1986ರಿಂದ ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ. ಮಗಳ ಮೊಬೈಲು ವಿಮಾನದಿಂದಿಳಿದೊಡನೆ ತಾನಾಗಿ ತಿದ್ದಿಕೊಂಡಿತು. ನನ್ನ ಕೈಗಡಿಯಾರವನ್ನು ನಾನು ಮುಟ್ಟಲಿಲ್ಲ. ಹುಟ್ಟುಹಬ್ಬದ ಹಿಂದಿನ ರಾತ್ರಿ ಅವಳು ಎಚ್ಚರವಾಗಿಯೇ ಕುಳಿತಿದ್ದಳು. “ಅಪ್ಪ, ಹನ್ನೆರಡಾಯಿತು, ನನಗೆ ಹದಿನೈದು” ಎಂದಳು. ನನ್ನ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಬಾಕಿ. “ಕಾಸರಗೋಡಿನಲ್ಲಿ ನೀನಿನ್ನೂ ಹದಿನಾಲ್ಕರವಳೇ” ಎಂದೆ. ಅವಳು ನಗಲಿಲ್ಲ.

ಬೆಳಿಗ್ಗೆ ವಸತಿಗೃಹದ ಗೋಡೆಯ ಮೇಲೆ ನೇಪಾಳಿ ಕ್ಯಾಲೆಂಡರನ್ನು ಕಂಡೆ. ಅಲ್ಲಿ ವಿಕ್ರಮ ಸಂವತ್ಸರ 2081, ಜೇಷ್ಠಮಾಸ. ಸಂಕ್ರಮಣದಿಂದ ತೊಡಗುವ ತಿಂಗಳುಗಳಾದುದರಿಂದ ಅವರ ಜೇಷ್ಠವೂ ನನ್ನ ತಾಯಿಯವರ ವೃಷಭಮಾಸವೂ ಒಂದೇ. ನಮ್ಮ ಬಿಸು ಹಬ್ಬದ ಹೊತ್ತಿಗೇ ಅವರ ಹೊಸ ವರ್ಷ. “ಇದನ್ನು ಅಜ್ಜಿಗೆ ಹೇಳಬೇಕು” ಎಂದಳು ಮಗಳು. ಪಶುಪತಿನಾಥನ ಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ಕರ್ನಾಟಕ ಮೂಲದವರೆಂಬುದನ್ನು ಬಲ್ಲ ನನ್ನ ಪತ್ನಿ, ಅವರೊಡನೆ ಒಂದು ಮಾತು ಕನ್ನಡದಲ್ಲಿ ಆಡಬೇಕೆಂದು ಆಸೆಪಟ್ಟಿದ್ದಳು. ಸರತಿಯ ನೂಕುನುಗ್ಗಲಿನಲ್ಲಿ ಚತುರ್ಮುಖ ಲಿಂಗದ ದರ್ಶನವಾದುದೇ ಪುಣ್ಯ.

ಮಧ್ಯಾಹ್ನ ಬಸಂತಪುರದ ಕುಮಾರಿ ಮನೆಗೆ ಹೋದೆವು. 1757ರಲ್ಲಿ ಕಟ್ಟಿದ ಆ ಮನೆ 2015ರ ಭೂಕಂಪದಲ್ಲಿಯೂ ಉಳಿಯಿತು. ನೇವಾರರ ಶಾಕ್ಯ ಮನೆತನಗಳಿಂದ ಆರಿಸಿದ ಎಳೆಯ ಬಾಲಿಕೆಯನ್ನು ಅಲ್ಲಿ ದೇವಿಯೆಂದು ಹಿಂದೂಗಳೂ ಬೌದ್ಧರೂ ಪೂಜಿಸುತ್ತಾರೆ. ಆಕೆ ಋತುಮತಿಯಾಗುವವರೆಗೆ ಮಾತ್ರ ದೇವಿ. ಅನಂತರ ತಂದೆತಾಯಿಗಳ ಮನೆಗೆ ಮರಳಬೇಕು. 2008ರಲ್ಲಿ ನೇಪಾಳದ ಸರ್ವೋಚ್ಚ ನ್ಯಾಯಾಲಯವು ಕುಮಾರಿಗೂ ಶಿಕ್ಷಣದ ಹಕ್ಕು ಉಂಟೆಂದು ಹೇಳಿತು. ಪಾಠವನ್ನು ಆ ಮನೆಯೊಳಗೇ ಹೇಳಿಕೊಡುತ್ತಾರೆ. ಮೇಷ್ಟರಿಗೆ ಇದು ಮುಖ್ಯವೆನಿಸುವುದು ಸಹಜ; ಅಂಗಳದಲ್ಲಿ ನಿಂತು ಮಗಳಿಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ಅಷ್ಟರಲ್ಲಿ ಕೆತ್ತನೆಯ ಕಿಟಕಿಯಲ್ಲಿ ಕುಮಾರಿ ಕಾಣಿಸಿಕೊಂಡಳು. ಕೆಂಪು ಉಡುಗೆ, ಕಿವಿಯತ್ತ ಎಳೆದ ಕಾಡಿಗೆ. ಚಿತ್ರ ತೆಗೆಯಬಾರದು. ಎಲ್ಲರೂ ಕೈಮುಗಿದು ಮೇಲೆ ನೋಡಿದರು. ಆ ಮಗು ಯಾರನ್ನೂ ನಿರ್ದಿಷ್ಟವಾಗಿ ನೋಡದೆ ಕೆಲವೇ ಕ್ಷಣಗಳಲ್ಲಿ ಒಳಗೆ ಸರಿದಳು. ಮಗಳು ಬಹಳ ಹೊತ್ತು ಮಾತನಾಡಲಿಲ್ಲ.

ಇನ್ನು ನನ್ನ ತಪ್ಪಿನ ಪ್ರಸಂಗ. ಊರಿನಿಂದ ದೂರ ಬಂದ ಮಗುವಿನ ಹುಟ್ಟುಹಬ್ಬ ಸಪ್ಪೆಯಾಗಬಾರದೆಂದು ವಸತಿಗೃಹದವರಲ್ಲಿ ಗುಟ್ಟಾಗಿ ಹೇಳಿಟ್ಟಿದ್ದೆ. ರಾತ್ರಿ ಊಟದ ನಡುವೆ ದೀಪಗಳು ಆರಿದವು. ಕೇಕು, ಮೇಣದ ಬತ್ತಿ, ಚಪ್ಪಾಳೆ. ಗುರುತಿಲ್ಲದ ಇಪ್ಪತ್ತು ಮೂವತ್ತು ಮಂದಿ ಎದ್ದುನಿಂತು ಹಾಡಿದರು. ಮಗಳ ಮುಖ ಕೆಂಪಾಯಿತು. ಬತ್ತಿಯನ್ನು ಊದದೆಯೇ ಎದ್ದು ಕೋಣೆಗೆ ಹೋದಳು. ನನಗೆ ಬಂದುದು ಸಿಟ್ಟು. ಅಷ್ಟು ಜನರೆದುರು ಮರ್ಯಾದೆ ಕಳೆದಳೆಂಬ ಸಿಟ್ಟು. ಪತ್ನಿ ಕೈಹಿಡಿದು ಕೂರಿಸದಿದ್ದರೆ ಹಿಂದೆಯೇ ಹೋಗಿ ಗದರಿಸುತ್ತಿದ್ದೆ.

ಶಿಕ್ಷಕ ತರಬೇತಿಯಲ್ಲಿ ನಾವು ತಾರುಣ್ಯದ ಮನೋವಿಜ್ಞಾನವನ್ನು ಓದಿದ್ದೆವು. ಅಮೆರಿಕದ ಸ್ಟ್ಯಾನ್ಲಿ ಹಾಲ್ ಎಂಬ ವಿದ್ವಾಂಸ ಈ ವಯಸ್ಸನ್ನು ಬಿರುಗಾಳಿಯ ಕಾಲವೆಂದು ವರ್ಣಿಸಿ 1904ರಲ್ಲಿಯೇ ಎರಡು ಸಂಪುಟಗಳ ಗ್ರಂಥ ಬರೆದ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಾನು ಒಳ್ಳೆಯ ಅಂಕ ಪಡೆದಿದ್ದೆ. ರಕ್ಷಕರ ಸಭೆಗಳಲ್ಲಿ ಈ ವಿಷಯವಾಗಿ ಎಷ್ಟು ಭಾಷಣ ಮಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಕೋಣೆಗೆ ಹೋದಾಗ ಅವಳು ಅಳುವುದನ್ನು ನಿಲ್ಲಿಸಿದ್ದಳು. “ಆ ಕಿಟಕಿಯ ಮಗುವನ್ನು ನೋಡಿದ ಹಾಗೆ ಎಲ್ಲರೂ ನನ್ನನ್ನು ನೋಡಿದರು, ಅಪ್ಪ. ಅವಳಿಗೆ ಹಾಗೆ ನಿಲ್ಲುವುದು ಅಭ್ಯಾಸವಾಗಿರಬಹುದು, ನನಗೆ ಆಗುವುದಿಲ್ಲ” ಎಂದಳು. ನಾನು ಉತ್ತರ ಹುಡುಕಿದೆ, ಸಿಗಲಿಲ್ಲ. “ನಿನಗೆ ಏನು ಬೇಕಿತ್ತು?” ಎಂದು ಪತ್ನಿಯೇ ಕೇಳಿದಳು. ಆ ಪ್ರಶ್ನೆಯನ್ನು ಊರಿನಲ್ಲಿಯೇ ಕೇಳಬೇಕಾಗಿತ್ತು.

ಅವಳಿಗೆ ಬೇಕಾದುದು ಹಣದ ಚೀಲ ಒಂದು ದಿನ ತನ್ನ ಕೈಯಲ್ಲಿರಬೇಕು, ಎಲ್ಲಿಗೆ ಹೋಗುವುದೆಂದು ತಾನು ಹೇಳಬೇಕು, ಇಷ್ಟೇ. ಮರುದಿನ ಅವಳು ಮುಂದೆ, ನಾವಿಬ್ಬರು ಹಿಂದೆ. ನಮ್ಮ ನೂರು ರೂಪಾಯಿಗೆ ಅಲ್ಲಿ ನೂರ ಅರುವತ್ತು. ಲೆಕ್ಕವನ್ನು ಬಾಯಲ್ಲೇ ಮಾಡಿ, ಬಸ್ಸು ಯಾವುದೆಂದು ಅರ್ಧ ಹಿಂದಿಯಲ್ಲಿ ವಿಚಾರಿಸಿ, ಕಾಠ್ಮಂಡುವಿನಿಂದ ಸುಮಾರು 13 ಕಿಲೋಮೀಟರು ದೂರದ ಭಕ್ತಪುರಕ್ಕೆ ಕರೆದೊಯ್ದಳು. ಒಮ್ಮೆ ತಪ್ಪು ದಾರಿಯನ್ನೂ ಹಿಡಿದಳು. ನನ್ನ ನಾಲಗೆ ತುರಿಸಿತು, ಆದರೂ ಸುಮ್ಮನಿದ್ದೆ. ಅಲ್ಲಿ ‘ಜುಜು ಧೌ’ ಎಂಬ ಮೊಸರು ಪ್ರಸಿದ್ಧ; ನೇವಾರಿ ಭಾಷೆಯಲ್ಲಿ ಮೊಸರುಗಳ ರಾಜ ಎಂದರ್ಥ. ಎಮ್ಮೆಯ ಹಾಲನ್ನು ಸಿಹಿಗೊಳಿಸಿ ಮಣ್ಣಿನ ಪಾತ್ರೆಯಲ್ಲಿ ಹೆಪ್ಪುಹಾಕುತ್ತಾರೆ. ದೊಡ್ಡದೊಂದು ಪಾತ್ರೆ ಕೊಂಡು, ಬೀದಿಬದಿಯ ಕಟ್ಟೆಯ ಮೇಲೆ ಕುಳಿತು ಮೂವರೂ ತಿಂದೆವು. ಯಾರೂ ಹಾಡಲಿಲ್ಲ. “ಅಜ್ಜಿಯ ಪಾಯಸದಷ್ಟಿಲ್ಲ” ಎಂದು ತೀರ್ಪಿತ್ತು, ಪಾತ್ರೆಯ ತಳವನ್ನು ತಾನೇ ಬಳಿದಳು. ಊರಿಗೆ ಬಂದ ಮೇಲೆ ಗೆಳತಿಯರು ಕೇಳಿದಾಗ ಹುಟ್ಟುಹಬ್ಬವೆಂದು ಅವಳು ವರ್ಣಿಸಿದ್ದು ಆ ದಿನವನ್ನೇ.

ಮರಳುವಾಗ ವಿಮಾನ ನಿಲ್ದಾಣದಲ್ಲಿ ಗುರುತಿನ ಪತ್ರವನ್ನು ಅವಳೇ ಮುಂದೆ ಚಾಚಿದಳು. ಅಧಿಕಾರಿ ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಹಿಂದಿರುಗಿಸಿದ.

2025ರ ದಸರೆಯ ವೇಳೆಗೆ, ಎರಡೂವರೆ ವರ್ಷ ದಾಟಿದ ಹೊಸ ಬಾಲಿಕೆಯೊಬ್ಬಳು ಕುಮಾರಿಯಾದ ಸುದ್ದಿ ಬಂತು. ನಾವು ಕಂಡಿದ್ದವಳಿಗೆ ಆಗ ಹನ್ನೊಂದು ವರ್ಷ. ಹಿಂಬಾಗಿಲಿನಿಂದ ಪಲ್ಲಕ್ಕಿಯಲ್ಲಿ ಮನೆಗೆ ಮರಳಿದಳಂತೆ. ಮಗಳು ಆ ಸುದ್ದಿಯನ್ನು ನನಗೆ ಓದಿಹೇಳಿ, “ಅವಳ ಮುಂದಿನ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಯಾರಾದರೂ ಕೇಳುತ್ತಾರೋ ಏನೋ” ಎಂದಳು.