ಜಾಣ್ಮೆಯ ಹೆಸರಿನ ಜೂಜು

ಪೋಕರ್ ಕಲಿಯುವುದು ಕಷ್ಟವಲ್ಲ. ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಈ ಏಳರಲ್ಲಿ ಶ್ರೇಷ್ಠವಾದ ಐದನ್ನು ಹೊಂದಿಸಬೇಕು. ಒಂದು ಸಂಜೆ ಸಾಕು. "ಇದು ಅದೃಷ್ಟದ ಆಟವಲ್ಲ, ಜಾಣ್ಮೆಯ ಆಟ, ಕಲಿತರೆ ತಪ್ಪೇನು?" ಎಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ತರುಣರು ಕೇಳಿದರೆ ಗದರಿಸಿ ಸುಮ್ಮನಾಗಿಸುವುದು ಉತ್ತರವಾಗದು.

ಅವರ ವಾದಕ್ಕೆ ಆಧಾರವಿಲ್ಲದಿಲ್ಲ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯಾಂಶಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ, ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು.

ಕಾನೂನು ಹಾಗಿರಲಿ; ಕೌಶಲವಿದೆಯೆಂದೇ ಒಪ್ಪೋಣ. ಕೌಶಲದ ಆಟದಲ್ಲಿ ಸೋಲುವವನು ಯಾರು? ಕೌಶಲವಿಲ್ಲದ ಹೊಸಬನೇ ಅಲ್ಲವೇ? ಮೊದಲ ಎರಡು ಎಲೆಗಳು ಜೋಡಿಯಾಗುವುದು ಸರಾಸರಿ 17 ಸಲಕ್ಕೊಮ್ಮೆ. ಈ ಲೆಕ್ಕ ಬಲ್ಲವನು ಕಾಯುತ್ತಾನೆ. ಅರಿಯದವನು ಪಣ ಏರಿಸುತ್ತಾನೆ. ಹೊಸಬನ ಕಲಿಕೆಯ ಶುಲ್ಕವೇ ಹಳಬನ ಸಂಪಾದನೆ.

ಚನ್ನಗಿರಿಯ ಅಡಿಕೆ ತೋಟವೂ ಜಗಳೂರಿನ ಮೆಕ್ಕೆಜೋಳದ ಹೊಲವೂ ಹೊಸ ಸಂಪತ್ತನ್ನು ಹುಟ್ಟಿಸುತ್ತವೆ. ನನ್ನ ಹೊಲದ ತೆನೆ ತುಂಬಿದರೆ ನೆರೆಯವನ ತೆನೆ ಜೊಳ್ಳಾಗದು. ಪೋಕರ್ ಮೇಜಿನಲ್ಲಿ ನನ್ನ ಗಳಿಕೆಯೆಲ್ಲ ನೆರೆಯವನ ನಷ್ಟ. ಆಟ ನಡೆಸುವವನು ಪಣದ ಹಣದಲ್ಲಿ ತನ್ನ ಪಾಲನ್ನು ಮುರಿದುಕೊಂಡರಂತೂ, ಆಟಗಾರರೆಲ್ಲರ ಒಟ್ಟು ಲೆಕ್ಕ ನಷ್ಟದಲ್ಲೇ ಮುಗಿಯುತ್ತದೆ.

ಮಹಾಭಾರತದ ಧರ್ಮರಾಯನೂ ದ್ಯೂತದ ಮರ್ಮವನ್ನು ಕಲಿತವನೇ. ವನವಾಸದಲ್ಲಿ ಬೃಹದಶ್ವ ಮುನಿ ಅದನ್ನು ಅವನಿಗೆ ಉಪದೇಶಿಸಿದನು. ಆ ವಿದ್ಯೆ ವಿರಾಟನ ಆಸ್ಥಾನದಲ್ಲಿ ಕಂಕನಾಗಿರಲು ಒದಗಿತು. ಕಳೆದ ರಾಜ್ಯವನ್ನು ತಂದುಕೊಡಲಿಲ್ಲ.

ಧರ್ಮಸಭೆ ಇಸ್ಪೀಟಿನ ಎಲೆಗಳನ್ನು ಕಂಡು ಬೆಚ್ಚುವುದಿಲ್ಲ. ಅದೃಷ್ಟದಾಟವಾಗಲಿ ಪಣವಾಗಲಿ ತನ್ನಷ್ಟಕ್ಕೆ ಅನ್ಯಾಯವಲ್ಲ. ತನ್ನ ಮತ್ತು ಇತರರ ಅಗತ್ಯಕ್ಕೆ ಬೇಕಾದುದನ್ನು ಅದು ಕಸಿದಾಗ ಒಪ್ಪತಕ್ಕದ್ದಲ್ಲ ಎಂಬುದು ಅದರ ಧರ್ಮೋಪದೇಶದ 2413ನೆಯ ಕಂಡಿಕೆಯ ಸಾರ. ಬೆಳೆಯ ಹಣ ವರ್ಷಕ್ಕೊಮ್ಮೆಯೋ ಎರಡು ಸಲವೋ ಕೈಸೇರುವ ಮನೆಯಲ್ಲಿ ಆ ಅಗತ್ಯದ ಗಡಿ ಎಲ್ಲಿದೆ? ಸಾಲದ ಕಂತು, ಮಗಳ ಶಾಲಾ ಶುಲ್ಕ, ಮುಂದಿನ ಬಿತ್ತನೆ ಬೀಜ ಇವುಗಳಲ್ಲಿ ಯಾವುದನ್ನು ಪಣಕ್ಕಿಡಬಹುದೆಂದು ಮನೆಯೊಡತಿಯನ್ನು ಕೇಳಿದವರು ಎಷ್ಟು ಮಂದಿ?

ಬುದ್ಧಿಗೆ ಕಸರತ್ತು ಬೇಕೆನ್ನುವವರು ಬಿಡಿಗಾಸೂ ಇಡದೆ ಆಡಲಿ. ಹಣ ತೆಗೆದೊಡನೆ ಆಟ ಸಪ್ಪೆಯೆನಿಸಿದರೆ, ಅವರಿಗೆ ಬೇಕಾಗಿದ್ದುದು ಜಾಣ್ಮೆಯಲ್ಲ, ನೆರೆಯವನ ಜೇಬು.